ಮೂರನೇ ಸಂಪುಟ

ಅವಳು ಗಾಜಿನ ಕಪಾಟಿನಿಂದ ಮೂರನೇ ಸಂಪುಟವನ್ನು ಎಳೆದು ಟವೆಲ್ಲಿನಲ್ಲಿ ಸುತ್ತುತ್ತಿದ್ದಾಗಲೇ ಕೋಣೆಯ ಬಾಗಿಲು ತೆರೆದುಕೊಂಡಿತು. ಬಂದವಳು ಮಗಳು.

"ಏನಮ್ಮ ಮಾಡ್ತಿದ್ದೀಯ ಇಲ್ಲಿ? ಹೊರಗೆ ಎಲ್ಲರೂ ಬಂದು ಕೂತಿದ್ದಾರೆ."

"ಟವೆಲ್ಲು ಹುಡುಕ್ತಿದ್ದೆ."

"ಪುಸ್ತಕದ ಕಪಾಟಲ್ಲಿ?"

ಮಗಳು ಹತ್ತಿರ ಬಂದು ಟವೆಲ್ಲನ್ನು ಮೆಲ್ಲಗೆ ಬಿಡಿಸಿದಳು. ಕಡುನೀಲಿ ರಟ್ಟು, ಬೆನ್ನಿನ ಮೇಲೆ ಮಾಸಿದ ಬೆಳ್ಳಿ ಅಕ್ಷರ. ನೋಡಿದ ಕೂಡಲೇ ಮಗಳ ಕಣ್ಣು ತುಂಬಿತು. ತಾಯಿ ಯಾಕೆ ಅಡಗಿಸುತ್ತಿದ್ದಳು ಎಂದು ಕೇಳಲೇ ಇಲ್ಲ. ದುಃಖದಲ್ಲಿದ್ದವರು ಏನೇನೋ ಮಾಡುತ್ತಾರೆ ಎಂದುಕೊಂಡಿರಬೇಕು.

"ನಾನೂ ಇದಕ್ಕೇ ಬಂದೆ. ಅಪ್ಪ ಕೊನೆಗೆ ಕೈಯಲ್ಲಿ ಹಿಡ್ಕೊಳ್ತಿದ್ದದ್ದು ಇದನ್ನೇ ಅಲ್ವಾ? ಅವರ ಪಕ್ಕದಲ್ಲಿ ಇಡೋಣ. ಸುಡೋಕಲ್ಲ, ಹೊರಡೋವರೆಗೆ ಸುಮ್ಮನೆ ಇರಲಿ."

"ಬೇಡ ಕಣೇ. ಹಳೇ ಪುಸ್ತಕ. ಯಾರಾದ್ರೂ ಹಿಡಿದು ಎಳೆದು ಹಾಳು ಮಾಡ್ತಾರೆ."

"ಯಾರಮ್ಮ ಹಾಳು ಮಾಡ್ತಾರೆ? ಹಲ್ಲಿನ ಡಾಕ್ಟ್ರೂ ಬರ್ತಿದ್ದಾರೆ. ಅವರಾದ್ರೂ ನೋಡ್ಲಿ."

ಅವಳು ಬೆಳಗಿನಿಂದ ಹೆದರುತ್ತಿದ್ದದ್ದೇ ಅದಕ್ಕೆ. ಗಂಡನ ಜೊತೆ ಇದೇ ಪುಸ್ತಕಗಳನ್ನು ಹುಡುಕುತ್ತಿದ್ದ ಗೆಳೆಯ, ಆ ಹಲ್ಲಿನ ಡಾಕ್ಟರು ಬರುತ್ತಾರೆ, ಕಪಾಟಿನ ಮುಂದೆ ನಿಲ್ಲುತ್ತಾರೆ, ಕೈ ತಾನಾಗಿ ಮೂರನೆಯದಕ್ಕೆ ಹೋಗುತ್ತದೆ. ಊರಲ್ಲಿ ಇನ್ಯಾರು ತೆರೆದು ನೋಡಿದರೂ ಅದು ಒಂದು ಹಳೆಯ ಪುಸ್ತಕ. ಅವರು ನೋಡಿದರೆ ಮುಗಿಯಿತು.

ಮಗಳು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಚಿತಾಗಾರದ ಹಾಲಿನಲ್ಲಿ ಅವಳು ಅಪ್ಪನ ಬಗ್ಗೆ ನಾಲ್ಕು ಮಾತು ಓದಬೇಕಿತ್ತು. "ಇದೊಂದು ಕೇಳು, ಸರೀನಾ ಹೇಳು. 'ಕೊನೆಯ ನಾಲ್ಕು ತಿಂಗಳು ಅಪ್ಪನಿಗೆ ಪ್ರಾಣದಂತಿದ್ದ ಪುಸ್ತಕಗಳೇ ಗುರುತು ಸಿಗದಾದವು.' ಜಾಸ್ತಿ ಆಯ್ತಾ?"

"ಆ ಸಾಲು ತೆಗೆದುಬಿಡು."

"ಯಾಕಮ್ಮ, ನಿಜ ತಾನೇ?"

"ನಿಜ ಅಂತ ಎಲ್ಲ ಹೇಳೋಕಾಗುತ್ತಾ?"

ಮಗಳು ಕಾಗದವನ್ನು ಮತ್ತೆ ಮಡಿಸಿದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಯಾವುದೋ ಸಣ್ಣ ವಿಷಯ ಹೇಳುವವಳಂತೆ ಹೇಳಿದಳು: "ಮುಂದಿನ ಮಂಗಳವಾರ ನರದ ಡಾಕ್ಟರ ಹತ್ರ ಹೋಗ್ತಿದ್ದೀನಿ. ತಾತನಿಗೂ ಕೊನೆಗೆ ಹೀಗೇ ಆಗಿತ್ತಂತೆ, ಅತ್ತೆ ಹೇಳಿದ್ರು. ನಾನೂ ಈಚೆಗೆ ಬೀಗದ ಕೈ ಎಲ್ಲಿಟ್ಟೆ ಅಂತ ಮರೀತೀನಿ. ಪರೀಕ್ಷೆ ಮಾಡಿಸಿಬಿಡೋದು ಒಳ್ಳೇದು. ನನಗೀಗ ಮೂವತ್ತೊಂದು."

ಮಗಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೊರಟುಹೋದಳು.

*

ಅವಳ ಗಂಡ ಮೂವತ್ತನಾಲ್ಕು ವರ್ಷ ಲಿಫ್ಟ್ ಮೆಕ್ಯಾನಿಕ್ಕಾಗಿದ್ದವನು. ಕಟ್ಟಡದ ನೆತ್ತಿಯ ಮೇಲೆ ಮೋಟರು ಗುಂಯ್‌ಗುಡುವ ಪುಟ್ಟ ಕೋಣೆಯಲ್ಲಿ ಕೂತು ಊಟದ ಡಬ್ಬಿ ಬಿಚ್ಚುವುದು, ಡಬ್ಬಿಯ ಪಕ್ಕ ಪುಸ್ತಕ ತೆರೆಯುವುದು, ಇಷ್ಟೇ ಅವನ ವಿಲಾಸ. ಒಂದು ದಿನ ಅಂಥ ಕೋಣೆಯೊಂದರಲ್ಲಿ ಯಾರೋ ಬಿಟ್ಟುಹೋದ ಕಾದಂಬರಿ ಸಿಕ್ಕಿತು. ಗಾಳಿಯನ್ನೇ ಹಿಡಿದು ಗೋಪುರದಲ್ಲಿ ಕೂಡಿಹಾಕಿದ ಒಂದು ನಗರ, ಅದನ್ನು ಬಿಡಿಸಲು ಹೊರಟ ಒಬ್ಬ ದೀಪ ಹಚ್ಚುವವಳು; ಒಂಬತ್ತು ಸಂಪುಟದ ಮಾಯಾಲೋಕದ ಕತೆ. ಬರೆದಾಕೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅಂದಿನಿಂದ ಅವನಿಗೆ ಅದೇ ಗುಂಗು. ಓದಿದರೆ ಸಾಲದು, ಹಳೆಯ ಪ್ರತಿಗಳೇ ಬೇಕು. ಹಳೆಯವು ಸಿಕ್ಕರೆ ಸಾಲದು, ಮೊದಲ ಮುದ್ರಣವೇ ಬೇಕು. ರಜೆಯ ದಿನ ಹಳೇ ಪುಸ್ತಕದ ಅಂಗಡಿಗಳ ಧೂಳು ಮೂಗಿಗೇರಿಸಿಕೊಂಡು ಬರುತ್ತಿದ್ದ. ಸಿಕ್ಕ ಪ್ರತಿಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಲಿಫ್ಟಿನ ಗುಂಡಿಯ ಮೇಲಿರುವಂಥ ಒಂದು ಬಾಣ ಬರೆದು ಕೆಳಗೆ ತಾರೀಖು ಹಾಕುತ್ತಿದ್ದ.

ಒಂದೂಕಾಲು ವರ್ಷದ ಹಿಂದೆ ಅವನ ಹೊಟ್ಟೆಗೆ ಮೊದಲ ಆಪರೇಷನ್ ಆದಾಗ, ಅವನು ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನದಲ್ಲೇ ಮೇಲಿನ ಮನೆಯ ನಲ್ಲಿ ಕೊಳವೆ ಒಡೆದು ಇವರ ಗೋಡೆಯೆಲ್ಲ ಒದ್ದೆಯಾಯಿತು. ಸಾಮಾನುಗಳನ್ನು ಅವಸರದಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದಳು. ಹಳೇ ಪೇಪರಿನ ಪೆಟ್ಟಿಗೆಗಳನ್ನು ರದ್ದಿಯವನು ಬಂದು ಒಯ್ದ. ಮಾರನೆಯ ದಿನ ನೋಡಿದರೆ ಹಳೇ ಪೇಪರು ಮನೆಯಲ್ಲೇ ಇತ್ತು, ಹೋದದ್ದು ಆ ಒಂಬತ್ತು ಸಂಪುಟ.

ರದ್ದಿ ಅಂಗಡಿಗೆ ಚಪ್ಪಲಿಯನ್ನೂ ಹಾಕದೆ ಓಡಿದಳು. ಲಾರಿ ಬೆಳಿಗ್ಗೆಯೇ ಹೋಗಿತ್ತು. "ಇಷ್ಟೊತ್ತಿಗೆ ಅರೆದು ಮುದ್ದೆ ಮಾಡಿರ್ತಾರೆ," ಎಂದ ಅಂಗಡಿಯವನು, ಸಮಾಧಾನ ಹೇಳುವ ದನಿಯಲ್ಲೇ.

ಗಂಡನಿಗೆ ಹೇಳಬೇಕೆಂದೇ ಆಸ್ಪತ್ರೆಗೆ ಹೋದಳು. ಅವನ ಮೂಗಿಗೆ ಕೊಳವೆ ಇತ್ತು. ಅವಳನ್ನು ಕಂಡು ಎರಡು ಬೆರಳು ಎತ್ತಿದ, ಎರಡನೇ ಸಂಪುಟ ತಾ ಎಂದು. "ಗೋಡೆ ಒಣಗಲಿ ರೀ, ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೀನಿ," ಎಂದಳು. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಆಮೇಲೆ ಹನ್ನೊಂದು ತಿಂಗಳು, ಅವನು ಮನೆಗೂ ಆಸ್ಪತ್ರೆಗೂ ಓಡಾಡುತ್ತ ಅಟ್ಟದ ಮಾತನ್ನೇ ನಂಬಿದ್ದಾಗ, ಅವಳು ಹುಡುಕಿದಳು. ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಮಧ್ಯಾಹ್ನದ ಊಟದ ವೇಳೆಯನ್ನೆಲ್ಲ ಹಳೇ ಪುಸ್ತಕದ ಅಂಗಡಿಗಳಿಗೆ ಹಾಕಿದಳು. ಮನೆ ಖಾಲಿ ಮಾಡುವವರ ಜಾಹೀರಾತು ಹುಡುಕಿ ಫೋನು ಮಾಡಿದಳು. ಆ ಪುಸ್ತಕಗಳ ಒಂದು ಪುಟವನ್ನೂ ಅವಳು ಓದಿರಲಿಲ್ಲ, ಆದರೆ ಹೊಲಿಗೆ ಗೊತ್ತಿತ್ತು. ಯಾವುದು ದಾರದಲ್ಲಿ ಹೊಲಿದದ್ದು, ಯಾವುದು ಅಂಟು ಹಾಕಿದ್ದು, ಯಾವುದರ ಬೆನ್ನು ಬಿಚ್ಚಿ ಮತ್ತೆ ಕಟ್ಟಿದ್ದು, ಬೆರಳಿಟ್ಟರೆ ಹೇಳುತ್ತಿದ್ದಳು. ಅಂಗಡಿಯವರು ಅವಳನ್ನು ಪಳಗಿದ ಸಂಗ್ರಾಹಕಿ ಅಂತಲೇ ತಿಳಿದರು. ಒಂದೊಂದಾಗಿ ಒಂಬತ್ತೂ ಬಂದವು. ಕೊನೆಯ ಪುಟದಲ್ಲಿ ಅವನದೇ ಬಾಣ, ಅವನದೇ ಅಂಕಿಗಳನ್ನು ಹತ್ತು ಸಲ ರದ್ದಿ ಕಾಗದದ ಮೇಲೆ ತಿದ್ದಿ ಆಮೇಲೆ ಬರೆದಳು. ತಾರೀಖುಗಳನ್ನು ನೆನಪಿದ್ದಷ್ಟು ಹಾಕಿದಳು. ಮೂರನೆಯದನ್ನು ಅವನು ತಂದದ್ದು ಮಗಳಿಗೆ ಹನ್ನೆರಡು ತುಂಬಿದ ವರ್ಷ. ಹತ್ತೊಂಬತ್ತು ವರ್ಷದ ಹಿಂದಿನ ಆ ತಾರೀಖನ್ನೇ ಹಾಕಿದಳು.

*

ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ನಡುವೆ ಶವದ ಪೆಟ್ಟಿಗೆ. ಅವನಿಗೆ ಕೆಲಸದ ನೀಲಿ ಅಂಗಿ ಹಾಕಿಸಿದ್ದರು; ಕಾಲರನ್ನು ಅವಳೇ ನಿನ್ನೆ ತಿರುಗಿಸಿ ಹೊಲಿದಿದ್ದಳು. ಪುಸ್ತಕ ಅವನ ಎಡಗೈ ಪಕ್ಕದಲ್ಲಿತ್ತು. ಅವಳು ಅದರ ಮೇಲೊಂದು ಕಣ್ಣು, ಬಾಗಿಲ ಮೇಲೊಂದು ಕಣ್ಣು ಇಟ್ಟು ಮುಳ್ಳಿನ ಮೇಲೆ ಕೂತಂತೆ ಕೂತಳು.

"ಹನ್ನೊಂದಕ್ಕೆ ಗಾಡಿ ಬರುತ್ತಂತೆ," ಎಂದಳು ಗಂಡನ ಅಕ್ಕ. ಎಪ್ಪತ್ತು ದಾಟಿದ ಹೆಂಗಸು. ಯಾವ ದುಃಖದಲ್ಲೂ ಗಡಿಯಾರ ಮರೆಯುವವಳಲ್ಲ. "ಒಂದು ಲೆಕ್ಕಕ್ಕೆ ಪುಣ್ಯಾತ್ಮ. ನಮ್ಮಪ್ಪನ ಹಾಗೆ ವರ್ಷಗಟ್ಟಲೆ ಗುರುತು ಕೆಟ್ಟು ಬಿದ್ದಿರಲಿಲ್ಲ. ಇವನಿಗೆ ನಾಲ್ಕೇ ತಿಂಗಳು."

"ನನ್ನ ಜೊತೆ ಮಾತಾಡುವಾಗಲೂ ತನ್ನ ಮೇಲೇ ಅನುಮಾನ," ಎಂದ ಫೋರ್‌ಮನ್. ಇಪ್ಪತ್ತೆರಡು ವರ್ಷ ಅವನ ಜೊತೆ ಒಂದೇ ಗಾಡಿಯಲ್ಲಿ ಓಡಾಡಿದವನು. "ಹೋದ ತಿಂಗಳು ಬಂದಿದ್ದೆ. ಆ ದೊಡ್ಡಾಸ್ಪತ್ರೆ ಲಿಫ್ಟಿನ ಬ್ರೇಕ್ ವಿಷಯ ಕೇಳಿದೆ. ಎಲ್ಲ ಸರಿಯಾಗೇ ಹೇಳಿದ. ಹೇಳಿ, ಹೆಂಡತಿ ಮುಖ ನೋಡಿ, 'ಸರಿಯಾಗಿ ಹೇಳಿದ್ನಾ?' ಅಂದ. ಅವರಿಗೆ ಬ್ರೇಕ್ ಬಗ್ಗೆ ಏನು ಗೊತ್ತು?" ಅವನು ಸಣ್ಣಗೆ ನಕ್ಕು, ಸುತ್ತ ನೋಡಿ ನಗು ನಿಲ್ಲಿಸಿದ. "ಎಂಥ ಮನುಷ್ಯ ಗೊತ್ತಾ. ಲಿಫ್ಟಲ್ಲಿ ಸಿಕ್ಕಿಬಿದ್ದವರು ಕಿರುಚಾಡ್ತಿದ್ರೆ, 'ಜನರನ್ನ ಎತ್ತೋದಷ್ಟೇ ನಮ್ಮ ಕೆಲಸ ಸ್ವಾಮಿ, ಬೀಳಿಸೋದು ಬೇರೆ ಇಲಾಖೆ' ಅಂತಿದ್ದ."

ಒಬ್ಬಿಬ್ಬರು ನಕ್ಕರು. ಬಾಗಿಲಲ್ಲಿ ಯಾರೋ ಬೂಟು ಬಿಚ್ಚುವ ಸದ್ದಾಯಿತು.

ಹಲ್ಲಿನ ಡಾಕ್ಟರು ಎತ್ತರದ ಆಳು, ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಿಯೇ ಒಳಗೆ ಬಂದರು. ಅವರು ಮತ್ತು ಅವನು ಗೆಳೆಯರಾದದ್ದೂ ಲಿಫ್ಟಿನಿಂದಲೇ. ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ಸಿಕ್ಕಿಕೊಂಡಿದ್ದ ಡಾಕ್ಟರಿಗೆ ಮೇಲಿನ ಸಂದಿಯಿಂದ ಧೈರ್ಯ ಹೇಳಲು ಬಗ್ಗಿದವನ ಜೇಬಿನಲ್ಲಿ ಅದೇ ಲೇಖಕಿಯ ಪುಸ್ತಕ ಕಂಡು, "ಅದು ಎಷ್ಟನೇ ಸಂಪುಟ?" ಎಂದು ಕೇಳಿದ್ದರಂತೆ. ಡಾಕ್ಟರಿಗೆ ದುಡ್ಡಿತ್ತು, ಇವನಿಗೆ ಊರಿನ ಪ್ರತಿ ಕಟ್ಟಡದ ಕಾವಲುಗಾರನ ಸ್ನೇಹವಿತ್ತು. ಪೈಪೋಟಿಯೂ ಸ್ನೇಹವೂ ಒಟ್ಟಿಗೇ ಬೆಳೆದವು. ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದು ಒಂದನ್ನು: ಮೂರನೇ ಸಂಪುಟದ ಮೊಟ್ಟಮೊದಲ ಪ್ರತಿಗಳು. ಅವುಗಳಲ್ಲಿ ಕೊನೆಯ ನಕ್ಷೆಯ ಹಾಳೆ ತಲೆಕೆಳಗಾಗಿ ಹೊಲಿದುಹೋಗಿತ್ತು. ಇನ್ನೂರು ಪ್ರತಿ ಹೊರಬಿದ್ದ ಮೇಲೆ ಯಾರೋ ಕಂಡು ಸರಿಪಡಿಸಿದರಂತೆ. ಆ ಇನ್ನೂರರಲ್ಲಿ ಒಂದು ಈ ಊರಲ್ಲೇ ಎಲ್ಲೋ ಇದೆ ಎಂಬುದು ಇಬ್ಬರ ನಂಬಿಕೆ.

ಡಾಕ್ಟರು ಪೆಟ್ಟಿಗೆಯ ಮುಂದೆ ನಿಂತು ಬಹಳ ಹೊತ್ತು ಅವನ ಮುಖ ನೋಡಿದರು. "ನಾಲ್ಕು ತಿಂಗಳಿಂದ ನನ್ನನ್ನ ಬರಗೊಡಲಿಲ್ಲ ನೋಡಮ್ಮ," ಎಂದರು ಅವಳಿಗೆ. "ಫೋನು ಮಾಡಿದ್ರೆ, 'ಬೇಡ ಡಾಕ್ಟ್ರೇ, ನಿಮ್ಮನ್ನ ಗುರುತು ಹಿಡೀದಿದ್ರೆ ನನಗೆ ಅವಮಾನ' ಅಂದ. ನನಗೇನು ಅವಮಾನ ಇರ್ಲಿಲ್ಲ."

ಅವಳು ತಲೆಯಾಡಿಸಿದಳು. ಡಾಕ್ಟರ ಕೈ ಅಷ್ಟರಲ್ಲಿ ಪುಸ್ತಕದ ಮೇಲಿತ್ತು.

"ಡಾಕ್ಟ್ರೇ, ಕಾಫಿ ತರ್ಲಾ?"

"ಏನೂ ಬೇಡಮ್ಮ."

ಅವರು ಪುಸ್ತಕ ತೆರೆದರು. ಹಲ್ಲು ಮುಟ್ಟುವ ಹಗುರ ಬೆರಳುಗಳಲ್ಲಿ ಕೊನೆಯ ಮಡಿಕೆ ಬಿಡಿಸಿದರು. ನಕ್ಷೆ ತಲೆಕೆಳಗಾಗಿ ತೆರೆದುಕೊಂಡಿತು. ಅವರ ಮುಖದಲ್ಲಿ ಹುಡುಗತನದ ಸಂತೋಷವೊಂದು ಮೂಡಿದ್ದನ್ನು ಅವಳು ಕಂಡಳು. ಅವರ ಕಣ್ಣು ಹಿಂದಿನ ಪುಟಕ್ಕೆ ಜಾರಿತು. ಪೆನ್ಸಿಲಿನ ಬಾಣ, ಕೆಳಗೆ ತಾರೀಖು. ಸಂತೋಷ ಅಲ್ಲೇ ನಿಂತಿತು.

"ಹತ್ತೊಂಬತ್ತು ವರ್ಷ," ಎಂದರು ಕೆಳದನಿಯಲ್ಲಿ. "ಹತ್ತೊಂಬತ್ತು ವರ್ಷದಿಂದ ಇವನ ಹತ್ರ ಇತ್ತಾ ಇದು?"

ಅವಳು ಬಗ್ಗಿ ಗಂಡನ ಕಾಲರನ್ನು ನೇರ ಮಾಡಿದಳು.

"ನನಗೆ ತೋರಿಸ್ತಿದ್ದದ್ದು ಬೇರೆ ಪ್ರತಿ. ಮಾಮೂಲಿದು. ಇದನ್ನ ಒಳಗಿಟ್ಟುಕೊಂಡು ನನ್ನ ಜೊತೆ ಅಂಗಡಿ ಅಂಗಡಿ ಅಲೆದ್ನಾ? ಹೋದ ವರ್ಷದವರೆಗೂ?"

"ನನಗೆ... ಪುಸ್ತಕದ ವಿಷಯ ಗೊತ್ತಾಗಲ್ಲ ಡಾಕ್ಟ್ರೇ," ಎಂದಳು.

ಡಾಕ್ಟರು ನಕ್ಷೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದರು. ಪುಸ್ತಕವನ್ನು ಅವನ ಕೈಯ ಪಕ್ಕ ಇಟ್ಟರು. ಆಮೇಲೆ ಅವನ ಮುಖ ನೋಡದೆ ಹೋಗಿ ಬಾಗಿಲ ಬಳಿಯ ಕೊನೆಯ ಕುರ್ಚಿಯಲ್ಲಿ, ಮೈಲಿಗಟ್ಟಲೆ ನಡೆದವರಂತೆ ಕೂತರು.

ಈಗ ಹೇಳಬೇಕು, ಈಗಲೇ, ಎಂದುಕೊಂಡಳು. ಅಷ್ಟರಲ್ಲಿ ಕೆಳಗೆ ಗಾಡಿಯ ಹಾರನ್ನು ಕೇಳಿಸಿತು, ಎಲ್ಲರೂ ಎದ್ದರು.

*

ನಾಲ್ಕು ತಿಂಗಳ ಹಿಂದೆ, ಆ ದಿನವೂ ಹೀಗೇ ಬೆಳಗಿನ ಹನ್ನೊಂದು ಗಂಟೆ. ಅವನು ಕೊನೆಯ ಸಲ ಆಸ್ಪತ್ರೆಯಿಂದ ಬಂದು ವಾರವಾಗಿತ್ತು. ಕಪಾಟು ತುಂಬಿದ್ದನ್ನು ಹಾಸಿಗೆಯಿಂದಲೇ ನೋಡಿ ಖುಷಿಪಟ್ಟಿದ್ದ. ದಿನಕ್ಕೊಂದು ಸಂಪುಟ ಕೇಳುತ್ತಿದ್ದ. ಮೊದಲನೆಯದನ್ನು ಮೂಸಿ, "ವಾಸನೆ ಬೇರೆ ಇದೆಯಲ್ಲೇ," ಎಂದ. "ಅಟ್ಟದಲ್ಲಿದ್ದವಲ್ಲ," ಎಂದಳು. ಒಪ್ಪಿಕೊಂಡ. ಎರಡನೆಯದಕ್ಕೆ ಏನೂ ಹೇಳಲಿಲ್ಲ. ಮೂರನೆಯ ದಿನ ಅವಳು ಅಡುಗೆಮನೆಯಲ್ಲಿದ್ದಾಗ ಕೂಗಿದ. ಒಂದು ವರ್ಷದಿಂದ ಅವಳು ಕೇಳಿರದ ಗಟ್ಟಿ ದನಿ.

"ಇಲ್ಲಿ ಬಾರೇ. ಬೇಗ ಬಾ."

ಓಡಿಬಂದಳು. ನಕ್ಷೆ ಅವನ ಹೊದಿಕೆಯ ಮೇಲೆ ಹರಡಿತ್ತು. ಕೊಂಡಾಗ ಹಳೇ ಕಾಗದ ಹರಿದೀತೆಂದು ಅವಳು ಬಿಡಿಸಿಯೇ ನೋಡಿರಲಿಲ್ಲ.

"ನೋಡು. ಗೋಪುರ ಕೆಳಗಿದೆ, ಸಮುದ್ರ ಮೇಲಿದೆ. ಇದೇ ಕಣೇ ಅದು, ಆ ಇನ್ನೂರರಲ್ಲಿ ಒಂದು. ಇದು ನಂದಲ್ಲ. ಎಲ್ಲಿಂದ ಬಂತು?"

ಎಷ್ಟೋ ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಕೇಳಿಸಿಕೊಂಡ ಆ ತಲೆಕೆಳಗಾದ ನಕ್ಷೆ ಇದೇ ಎಂದು ಅವಳಿಗೂ ಆಗಲೇ ಅರ್ಥವಾದದ್ದು. ನಾನೇ ಹುಡುಕಿ ತಂದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದರ ಹಿಂದೆಯೇ ರದ್ದಿಯವನ ಗಾಡಿ, ಲಾರಿ, ಮುದ್ದೆಯಾದ ಒಂಬತ್ತು ಪುಸ್ತಕ, ಹನ್ನೊಂದು ತಿಂಗಳ ಸುಳ್ಳು ಸಾಲುಗಟ್ಟಿ ಬಂದವು.

"ನಿಮ್ಮದೇ ರೀ," ಎಂದಳು.

"ನಂದು ಹೀಗಿರಲಿಲ್ಲ."

"ನೀವೇ ತಂದಿದ್ದು. ಮರೆತ್ರಾ? ಹಿಂದಿನ ಪುಟ ನೋಡಿ, ನಿಮ್ಮ ಬಾಣ, ನಿಮ್ಮ ತಾರೀಖು. ಮೊನ್ನೆ ಇಂಜೆಕ್ಷನ್ ಕೊಟ್ಟಾಗ ನರ್ಸನ್ನ ಅಮ್ಮ ಅಂತ ಕರೆದ್ರಿ. ಔಷಧಿಗೆ ಹೀಗಾಗುತ್ತೆ."

ಅವನು ಪೆನ್ಸಿಲಿನ ಬಾಣವನ್ನು ಬಹಳ ಹೊತ್ತು ನೋಡಿದ. ಮುಖದ ಮೇಲಿದ್ದ ಕಾಂತಿ ನಿಧಾನಕ್ಕೆ ಇಳಿಯಿತು.

"ನನ್ನ ಕೈಬರಹವೇ," ಎಂದ. ಸ್ವಲ್ಪ ತಡೆದು, "ಎಲ್ಲಿ ಸಿಕ್ಕಿತ್ತು?"

"ನೀವು ಹೇಳಿರಲಿಲ್ಲ."

"ಯಾರ ಮನೇಲಿ? ಯಾವ ಅಂಗಡೀಲಿ?" ಕಣ್ಣು ಮುಚ್ಚಿ ಹುಡುಕಾಡಿದ. ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆಗಳು ಅತ್ತಿತ್ತ ಓಡುವುದು ಅವಳಿಗೆ ಕಾಣುತ್ತಿತ್ತು. "ಇದನ್ನೇ ಮರೆತೆ ಅಂದ್ರೆ ಇನ್ನೇನು ಉಳೀತು ಹೇಳು ನನ್ನ ತಲೇಲಿ."

ಅಂದಿನಿಂದ ಅವನು ತನ್ನನ್ನು ನಂಬುವುದನ್ನು ಬಿಟ್ಟ. ಊಟವಾಯಿತೇ ಎಂದು ಅವಳನ್ನು ಕೇಳುತ್ತಿದ್ದ, ಬಾಯಲ್ಲಿ ರುಚಿ ಇರುವಾಗಲೇ. ಮೂರನೇ ಸಂಪುಟವನ್ನು ಕೈಯಲ್ಲಿ ಹಿಡಿದು ಛಾವಣಿ ನೋಡುತ್ತ ಮಲಗುತ್ತಿದ್ದ. ಓದುತ್ತಿರಲಿಲ್ಲ. ಎಲ್ಲಿ ಸಿಕ್ಕಿತ್ತು ಎಂದು ನೆನಪು ಮಾಡಿಕೊಳ್ಳುತ್ತಿದ್ದ. ನಾಳೆ ಹೇಳುತ್ತೇನೆ ಎಂದುಕೊಂಡೇ ಅವಳು ನೂರಿಪ್ಪತ್ತು ದಿನ ಕಳೆದಳು.

*

ಚಿತಾಗಾರದ ಹಾಲಿನಲ್ಲಿ ಅವರಿಗೆ ಸಿಕ್ಕಿದ್ದು ನಲವತ್ತು ನಿಮಿಷ. ಗೋಡೆಗೆ ತಿಳಿ ಹಸಿರು ಬಣ್ಣ, ಸಾಲು ಕುರ್ಚಿಗಳು, ಮುಂದೆ ಕಬ್ಬಿಣದ ವೇದಿಕೆ, ಅದರ ಮೇಲೆ ಪೆಟ್ಟಿಗೆ. ಸಮಯವಾದಾಗ ವೇದಿಕೆ ತಾನೇ ಕೆಳಗಿಳಿಯುತ್ತದೆ ಎಂದು ಅಲ್ಲಿನ ನೌಕರ ವಿವರಿಸಿದ. ಫೋರ್‌ಮನ್ ಅಭ್ಯಾಸಬಲದಿಂದ ಬಗ್ಗಿ ಅದರ ಹಳಿ ನೋಡಿದ.

ಅವಳು ಮೊದಲ ಸಾಲಿನಲ್ಲಿ ಕೂತಳು. ಮೂರನೇ ಸಂಪುಟ ತೊಡೆಯ ಮೇಲಿತ್ತು. ಹೊರಡುವಾಗ ಯಾರೋ ತಂದು ಕೈಗೆ ಕೊಟ್ಟಿದ್ದರು. ತಿರುಗಿ ನೋಡಿದಳು. ಡಾಕ್ಟರು ಕಟ್ಟಕಡೆಯ ಸಾಲಿನಲ್ಲಿ, ಕೋಟನ್ನೂ ಬಿಚ್ಚದೆ, ಯಾವಾಗ ಬೇಕಾದರೂ ಎದ್ದು ಹೋಗುವವರಂತೆ ಕೂತಿದ್ದರು.

ಮಗಳು ಮುಂದೆ ಹೋಗಿ ನಿಂತು ಕಾಗದ ಬಿಡಿಸಿದಳು. ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿನ ಎತ್ತರದ ಕಟ್ಟಡದ ನೆತ್ತಿಗೆ ಒಯ್ದು ತೋರಿಸಿದ್ದನ್ನು ಓದಿದಳು. ಗಾಳಿಯನ್ನು ಕಟ್ಟಿಹಾಕಿದ ಊರಿನ ಕತೆ ಹೇಳಿ ಮಲಗಿಸುತ್ತಿದ್ದುದನ್ನು ಓದಿದಳು.

"ಕೊನೆಯ ನಾಲ್ಕು ತಿಂಗಳು ಅಪ್ಪ ಅಪ್ಪನಾಗಿರಲಿಲ್ಲ," ಎಂದು ಶುರುಮಾಡಿದಳು. "ನನಗೆ ಫೋನು ಮಾಡಿ, 'ನಿನ್ನ ಹೆಸರು ಸರಿಯಾಗಿ ಹೇಳ್ತಿದ್ದೀನಾ ಮಗಳೇ' ಅಂತ ಕೇಳುತ್ತಿದ್ದರು. ಸರಿಯಾಗಿಯೇ ಹೇಳುತ್ತಿದ್ದರು. ಆದರೂ ಪ್ರತಿ ಸಲ ಕೇಳುತ್ತಿದ್ದರು."

ಇದು ತಾಯಿಗೆ ಗೊತ್ತಿರಲಿಲ್ಲ. ಅವಳು ಸ್ನಾನಕ್ಕೋ ಅಂಗಡಿಗೋ ಹೋದಾಗ ಮಾಡುತ್ತಿದ್ದನೇನೋ.

"ಪ್ರಾಣದಂತಿದ್ದ ಪುಸ್ತಕಗಳೇ..."

"ಆ ಸಾಲು ಓದಬೇಡ," ಎಂದಳು ಅವಳು.

ತಾನು ಎದ್ದು ನಿಂತದ್ದು ಕುರ್ಚಿ ಕರ್ರೆಂದಾಗಲೇ ಅವಳಿಗೆ ತಿಳಿದದ್ದು. ಗಂಡನ ಅಕ್ಕ ಅವಳ ತೋಳು ಹಿಡಿದು, "ಕೂತ್ಕೋಮ್ಮ, ನೀರು ಕುಡೀತೀಯಾ?" ಎಂದಳು.

"ಬೇಡ ಅತ್ತಿಗೆ. ಅವರಿಗೆ ತಲೆ ಸರಿಯಿತ್ತು. ಎಲ್ಲರೂ ಕೇಳಿಸ್ಕೊಳ್ಳಿ. ಕೊನೇವರೆಗೂ ಸರಿಯಿತ್ತು. ಇದು ನಂದಲ್ಲ ಅಂದ್ರು. ನಿಜವಾಗಿಯೂ ಅವರದ್ದಲ್ಲ. ಅವರದ್ದನ್ನ ನಾನು ರದ್ದಿಗೆ ಹಾಕಿಬಿಟ್ಟಿದ್ದೆ, ಒಂಬತ್ತನ್ನೂ. ಗೊತ್ತಾಗದೆ ಹಾಕಿದ್ದು. ಆಮೇಲೆ ಬೇರೆ ತಂದಿಟ್ಟೆ. ಅವರು ಕಂಡುಹಿಡಿದ್ರು. ಕಂಡುಹಿಡಿದಾಗ ನಿಮಗೇ ಮರೆವು ಅಂದೆ."

ಮಗಳು ಕಾಗದ ಹಿಡಿದ ಕೈಯನ್ನು ನಿಧಾನಕ್ಕೆ ಇಳಿಸಿದಳು.

"ನೀನು ಆ ನರದ ಡಾಕ್ಟರ ಹತ್ರ ಹೋಗಬೇಡ," ಎಂದಳು ಮಗಳಿಗೆ. "ಏನೂ ಆಗಿಲ್ಲ ನಿನಗೆ. ನಿಮ್ಮಪ್ಪನಿಗೂ ಏನೂ ಆಗಿರಲಿಲ್ಲ. ನಾನು ಹೇಳಿದೆ, ಅವರು ನಂಬಿದ್ರು." ಆಮೇಲೆ ಹಿಂದಕ್ಕೆ ತಿರುಗಿದಳು. "ಡಾಕ್ಟ್ರೇ, ಆ ತಾರೀಖು ನಾನು ಬರೆದಿದ್ದು. ಬಾಣಾನೂ ನಾನೇ. ಅವರು ನಿಮ್ಮ ಹತ್ರ ಏನನ್ನೂ ಬಚ್ಚಿಡಲಿಲ್ಲ. ಹತ್ತೊಂಬತ್ತು ವರ್ಷ ನಿಮ್ಮ ಜೊತೆ ಹುಡುಕಿದ್ದು ನಿಜವಾದ ಹುಡುಕಾಟ."

"ಇದೇನು ಈಗ ಹೇಳೋ ಮಾತಾ?" ಎಂದಳು ಗಂಡನ ಅಕ್ಕ. ಗದರಿದಂತಿರಲಿಲ್ಲ, ನಿಜವಾಗಿ ಕೇಳಿದಂತಿತ್ತು. "ನಾಲ್ಕು ತಿಂಗಳು ಅವನು ಹೆದರಿಕೊಂಡೇ ಹೋದನಲ್ಲೇ."

"ಹೌದು ಅತ್ತಿಗೆ," ಎಂದಳು.

ಕಟ್ಟಕಡೆಯ ಸಾಲಿನಲ್ಲಿ ಡಾಕ್ಟರು ಎದ್ದರು. ಹೊರಟೇಬಿಟ್ಟರು ಎಂದುಕೊಂಡಳು. ಅವರು ಕುರ್ಚಿಗಳ ನಡುವಿನ ಹಾದಿಯಲ್ಲಿ ನಡೆದು ಪೆಟ್ಟಿಗೆಯ ಬಳಿ ಬಂದು, ಬೆಳಿಗ್ಗೆ ನೋಡದೆ ಬಿಟ್ಟಿದ್ದ ಮುಖವನ್ನು ನೋಡಿದರು. ಅವನ ಹಣೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ನೌಕರ ಕೆಮ್ಮಿ, ಗೋಡೆಯ ಗಡಿಯಾರ ತೋರಿಸಿದ.

ವೇದಿಕೆ ಇಳಿಯಿತು. ಶುರುವಿನಲ್ಲಿ ಒಮ್ಮೆ ಜಗ್ಗಿತು, ಆಮೇಲೆ ನುಣ್ಣಗೆ ಹೋಯಿತು. ಕೆಳಗೆ ಎಲ್ಲೋ ಸಣ್ಣ ಸದ್ದಿನೊಂದಿಗೆ ನಿಂತಿತು. ಫೋರ್‌ಮನ್ ಆ ಸದ್ದಿಗೆ ಕಿವಿಗೊಟ್ಟು, ಸಮತಟ್ಟಾಗಿ ನಿಂತಿತು ಎನ್ನುವಂತೆ ತಲೆಯಾಡಿಸಿದ.

ಜನ ಒಬ್ಬೊಬ್ಬರಾಗಿ ಹೊರಗೆ ಹೋದರು. ಕೆಲವರು ಅವಳ ಹೆಗಲು ಮುಟ್ಟಿದರು, ಕೆಲವರು ಮುಟ್ಟಲಿಲ್ಲ. ಗಂಡನ ಅಕ್ಕ ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಮಗಳು ಯಾರ ಮುಖವನ್ನೂ ನೋಡದೆ ಹೊರಗೆ ಹೋದವಳು ಸ್ವಲ್ಪ ಹೊತ್ತಿಗೆ ತಿರುಗಿ ಬಂದಳು. ತಾಯಿಯ ಸಾಲಿನಲ್ಲೇ ಕೂತಳು, ಆದರೆ ಒಂದು ಕುರ್ಚಿ ಬಿಟ್ಟು. ನಡುವಿನ ಕುರ್ಚಿಯ ಮೇಲೆ ತನ್ನ ಕೈಚೀಲವನ್ನು ಇಟ್ಟಳು. ಹತ್ತಿರ ಬಾ ಎನ್ನುವ ಹಕ್ಕು ತನಗಿದೆ ಎಂದು ತಾಯಿಗೆ ಅನಿಸಲಿಲ್ಲ.

ಡಾಕ್ಟರು ಎದುರಿಗೆ ಒಂದು ಕುರ್ಚಿ ಎಳೆದುಕೊಂಡು ಕೂತರು. ಅವರ ಕಣ್ಣು ಕೆಂಪಾಗಿತ್ತು.

"ಅವನಿದ್ದಿದ್ರೆ ಬಿಡ್ತಿರಲಿಲ್ಲ, ಕೇಳೇ ಕೇಳ್ತಿದ್ದ," ಎಂದರು. "ಸಿಟ್ಟು ಆಮೇಲೆ ಮಾಡ್ಕೊಳ್ತಿದ್ದ, ಮೊದಲು ಇದನ್ನ ಕೇಳ್ತಿದ್ದ. ಎಲ್ಲಿ ಸಿಕ್ತಮ್ಮ ನಿಮಗೆ ಇದು?"

ಅವಳು ಪುಸ್ತಕವನ್ನು ನೋಡಿದಳು. ಈ ಕತೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಬ್ಬನಿಗೆ ಹೇಳಬೇಕಿತ್ತು.

"ಹಳೇ ಬಸ್ ನಿಲ್ದಾಣದ ಹಿಂದೆ ಒಂದು ಬೂದು ಬಣ್ಣದ ಕಟ್ಟಡ ಇದೆ," ಎಂದು ಶುರುಮಾಡಿದಳು. "ಸಂಗೀತ ಹೇಳಿಕೊಡ್ತಿದ್ದ ಒಬ್ಬ ಮೇಡಂ ಮನೆ ಖಾಲಿ ಮಾಡ್ತಿದ್ರು. ಪುಸ್ತಕ ಇದೆ, ಬಂದು ನೋಡಿ ಅಂದ್ರು. ಊಟದ ಹೊತ್ತಲ್ಲಿ ಹೋದೆ. ಮತ್ತೆ ಅಂಗಡಿಗೆ ವಾಪಸ್ ಹೋಗಬೇಕಲ್ಲ, ಓಡಿಕೊಂಡೇ ಹೋದೆ. ಅಲ್ಲಿ ನೋಡಿದ್ರೆ..."

ಮಗಳು ವೇದಿಕೆ ಇಳಿದುಹೋದ ಖಾಲಿ ಜಾಗವನ್ನೇ ನೋಡುತ್ತಿದ್ದಳು.

"ಎಷ್ಟನೇ ಮಹಡಿ?" ಎಂದಳು, ತಲೆ ತಿರುಗಿಸದೆ.

"ಏಳನೇದು. ಲಿಫ್ಟ್ ಕೆಟ್ಟಿತ್ತು."

ಬಾಗಿಲ ಬಳಿ ನಿಂತಿದ್ದ ಫೋರ್‌ಮನ್‌ನ ಗಂಟಲಿಂದ ಒಂದು ಸದ್ದು ಬಂತು, ನಗುವೋ ಅಳುವೋ. ಗೋಡೆಯ ಕಡೆ ತಿರುಗಿಕೊಂಡ. ಮಗಳು ಇನ್ನೂ ತಾಯಿಯನ್ನು ನೋಡಿರಲಿಲ್ಲ. ನಡುವಿನ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ, ತೊಡೆಯ ಮೇಲೆ ಇಟ್ಟುಕೊಂಡಳು.